ಲಾಯ್ಡ್ಸ್ ಪೇಟ್ರಿಯಾಟಿಕ್ ಫಂಡ್ ಖಡ್ಗಗಳು

ಲಾಯ್ಡ್ಸ್ ಪೇಟ್ರಿಯಾಟಿಕ್ ಫಂಡ್ ಖಡ್ಗಗಳು ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಶೌರ್ಯ ತೋರಿದ ಬ್ರಿಟಿಷ್ ಅಧಿಕಾರಿಗಳಿಗೆ 1803ರಿಂದ 1809ರವರೆಗೆ ಬಹುಮಾನವಾಗಿ ನೀಡಲಾದ ಅಲಂಕೃತ ಗೌರವ ಖಡ್ಗಗಳು. ಇವುಗಳಲ್ಲಿ ಹೆಚ್ಚಿನವು ನೌಕಾಪಡೆಯ ಅಧಿಕಾರಿಗಳಿಗೆ ಸಂದವು. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಸಮುದ್ರ ವಿಮೆಗಾರರು ಮತ್ತು ವರ್ತಕರು ಸ್ಥಾಪಿಸಿದ ದೇಶಭಕ್ತಿ ನಿಧಿಯು ಇವುಗಳ ವೆಚ್ಚವನ್ನು ಭರಿಸಿತು. ಪಡೆಯುವವರ ಹುದ್ದೆಗೆ ಅನುಗುಣವಾಗಿ 100, 50 ಮತ್ತು 30 ಪೌಂಡ್ ಬೆಲೆಯ ಮೂರು ದರ್ಜೆಗಳಲ್ಲಿ ಇವು ಸಿದ್ಧವಾಗುತ್ತಿದ್ದವು. ನೀಲಿ ಬಣ್ಣದ ಬಾಗಿದ ಅಲಗು, ಅದರ ಮೇಲೆ ಚಿನ್ನದ ಅಕ್ಷರಗಳಲ್ಲಿ ಬರೆದ ಒಕ್ಕಣೆ, ದಂತದ ಹಿಡಿ ಮತ್ತು ಹರ್ಕ್ಯುಲಿಸನ ಪುರಾಣವನ್ನು ಆಧರಿಸಿದ ಅಲಂಕಾರ ಇವುಗಳ ಮುಖ್ಯ ಲಕ್ಷಣಗಳು. ಅಧಿಕಾರಿಗಳನ್ನು ಗೌರವಿಸುವುದು ಮತ್ತು ಗಾಯಾಳುಗಳಿಗೂ ಮಡಿದವರ ಕುಟುಂಬಗಳಿಗೂ ನೆರವಾಗುವುದು ಎಂಬ ಎರಡು ಉದ್ದೇಶಗಳನ್ನು ನಿಧಿಯು ಒಂದೇ ಹಣದಿಂದ ನೆರವೇರಿಸಬೇಕಾಗಿತ್ತು. 1809ರಲ್ಲಿ ನಿಧಿಯು ಗೌರವ ಬಹುಮಾನಗಳನ್ನು ನಿಲ್ಲಿಸಿ ಎರಡನೆಯ ಉದ್ದೇಶವನ್ನು ಉಳಿಸಿಕೊಂಡಿತು.

ಹಿನ್ನೆಲೆ

ಯುದ್ಧದಲ್ಲಿ ಜಯ ಗಳಿಸಿದ ನೌಕಾಧಿಕಾರಿಗೆ ಬೆಲೆಬಾಳುವ ಖಡ್ಗವನ್ನು ಅರ್ಪಿಸುವ ಪದ್ಧತಿ ಯುರೋಪಿನಲ್ಲಿ 18ನೆಯ ಶತಮಾನದಲ್ಲಿಯೇ ರೂಢಿಯಲ್ಲಿತ್ತು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ, ಅಮೆರಿಕದ ನೌಕಾಧಿಕಾರಿ ಜಾನ್ ಪಾಲ್ ಜೋನ್ಸ್ ಅವರಿಗೆ 1780ರಲ್ಲಿ ಚಿನ್ನದ ಹಿಡಿಯ ಖಡ್ಗವನ್ನು ನೀಡಿ ಗೌರವಿಸಿದನು. ಬ್ರಿಟನ್ನಿನಲ್ಲಿ ಲಂಡನ್ ನಗರಸಭೆಯು, 1798ರ ಆಗಸ್ಟ್ 1ರಂದು ನಡೆದ ನೈಲ್ ಕದನದ ಜಯಕ್ಕಾಗಿ ಹೊರೇಷಿಯೊ ನೆಲ್ಸನ್ ಅವರಿಗೆ 200 ಗಿನ್ನಿ ಬೆಲೆಯ ಖಡ್ಗವನ್ನು ಗೊತ್ತುಪಡಿಸಿತು. ಅದೇ ಕದನದಲ್ಲಿ ನೆಲ್ಸನ್ ಅವರೊಡನೆ ಹೋರಾಡಿದ ಕ್ಯಾಪ್ಟನ್‌ಗಳು ಮೊಸಳೆಯ ಆಕಾರದ ಹಿಡಿಯುಳ್ಳ ಮತ್ತೊಂದು ಖಡ್ಗವನ್ನು ಅವರಿಗೆ ಅರ್ಪಿಸಿದರು.

ಈ ಗೌರವಗಳು ಸಾಮಾನ್ಯವಾಗಿ ಸೇನಾನಾಯಕರಿಗೆ ಮಾತ್ರ ಸಲ್ಲುತ್ತಿದ್ದವು. ಸರ್ಕಾರದ ಪದಕಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 1794ರಲ್ಲಿ ಆರಂಭವಾದ ನೌಕಾ ಸ್ವರ್ಣ ಪದಕವು ಅಡ್ಮಿರಲ್ ಮತ್ತು ಕ್ಯಾಪ್ಟನ್ ದರ್ಜೆಯವರಿಗೆ ಮೀಸಲಾಗಿತ್ತು. ಶತ್ರುವಿನ ಹಡಗನ್ನು ಹತ್ತಿ ಹೋರಾಡುವ ದಳವನ್ನು ಮುನ್ನಡೆಸುತ್ತಿದ್ದ ಲೆಫ್ಟಿನೆಂಟ್‌ಗೆ, ದೋಣಿಯೊಂದನ್ನು ವಹಿಸಿಕೊಂಡು ದಾಳಿಗೆ ಹೊರಡುತ್ತಿದ್ದ ಹದಿಹರೆಯದ ಮಿಡ್‌ಶಿಪ್‌ಮನ್‌ಗೆ ಅಥವಾ ಸಾಮಾನ್ಯ ನಾವಿಕನಿಗೆ ಸರ್ಕಾರದಿಂದ ಯಾವ ಪದಕವೂ ದೊರೆಯುತ್ತಿರಲಿಲ್ಲ. ಈ ಯುದ್ಧಗಳಲ್ಲಿ ಪಾಲ್ಗೊಂಡ ಎಲ್ಲ ದರ್ಜೆಯವರಿಗೂ ಅನ್ವಯಿಸುವ ಪದಕಕ್ಕೆ 1847ರಲ್ಲಿ ಮಾತ್ರ ಮಂಜೂರಾತಿ ದೊರೆಯಿತು. ಆ ವೇಳೆಗೆ ಬದುಕಿ ಉಳಿದಿದ್ದವರು ಮಾತ್ರ ಅದನ್ನು ಕೇಳಿ ಪಡೆಯಬಹುದಾಗಿತ್ತು. ಕಿರಿಯ ಅಧಿಕಾರಿಗಳ ಪಾಲಿನ ಈ ಕೊರತೆಯನ್ನು ಕೆಲವು ವರ್ಷಗಳ ಮಟ್ಟಿಗೆ ತುಂಬಿದುದು ಲಾಯ್ಡ್ಸ್ ನಿಧಿಯ ಖಡ್ಗ.

ನಿಧಿಯ ಸ್ಥಾಪನೆ

ಬ್ರಿಟನ್ ಮತ್ತು ಫ್ರಾನ್ಸ್ ನಡುವೆ 1802ರಲ್ಲಿ ಏರ್ಪಟ್ಟ ಅಮಿಯಾಂ ಶಾಂತಿ ಒಪ್ಪಂದವು 1803ರ ಮೇ ತಿಂಗಳಲ್ಲಿ ಮುರಿದುಬಿದ್ದಿತು. ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಗಲು ನೆಪೋಲಿಯನ್ ಇಂಗ್ಲಿಷ್ ಕಾಲುವೆಯ ಆಚೆ ದಡದಲ್ಲಿ, ಬೊಲೋನ್ ಬಂದರಿನ ಸುತ್ತಮುತ್ತ, ಸೇನೆಯನ್ನು ಜಮಾಯಿಸತೊಡಗಿದನು. ಆಕ್ರಮಣದ ಭೀತಿ ದೇಶವನ್ನು ಆವರಿಸಿದ್ದ ಈ ಸಂದರ್ಭದಲ್ಲಿ, 1803ರ ಜುಲೈ 20ರಂದು, ಲಾಯ್ಡ್ಸ್ ಚಂದಾದಾರರ ಸಭೆಯೊಂದು ಸೇರಿತು. ಲಾಯ್ಡ್ಸ್‌ನ ಅಧ್ಯಕ್ಷರಾಗಿದ್ದ ಬ್ರೂಕ್ ವಾಟ್ಸನ್ ಸಭೆಯ ಅಧ್ಯಕ್ಷತೆ ವಹಿಸಿದ್ದರು. ಬಾಲ್ಯದಲ್ಲಿ ಹವಾನಾ ಬಂದರಿನಲ್ಲಿ ಶಾರ್ಕ್ ಮೀನಿನ ದಾಳಿಗೆ ಸಿಕ್ಕಿ ಒಂದು ಕಾಲನ್ನು ಕಳೆದುಕೊಂಡಿದ್ದ ವಾಟ್ಸನ್, ಜಾನ್ ಸಿಂಗಲ್ಟನ್ ಕೋಪ್ಲಿ ಆ ಘಟನೆಯನ್ನು ಕುರಿತು ರಚಿಸಿದ ವರ್ಣಚಿತ್ರದಿಂದಲೂ ಪ್ರಸಿದ್ಧರು.

ಲಾಯ್ಡ್ಸ್ ಸಂಸ್ಥೆಯು 20,000 ಪೌಂಡ್ ಮುಖಬೆಲೆಯ ಸರ್ಕಾರಿ ಸಾಲಪತ್ರಗಳನ್ನು ನೀಡಿ ನಿಧಿಗೆ ಚಾಲನೆ ಕೊಟ್ಟಿತು. ಸಾರ್ವಜನಿಕರಿಂದಲೂ ವಂತಿಗೆ ಹರಿದುಬಂದಿತು. ನಿಧಿಯ ಉದ್ದೇಶಗಳು ಎರಡು ಬಗೆಯವು. ಯುದ್ಧದಲ್ಲಿ ಗಾಯಗೊಂಡವರಿಗೂ ಮಡಿದವರ ವಿಧವೆಯರು, ಅನಾಥ ಮಕ್ಕಳು ಮತ್ತು ಅವಲಂಬಿತರಿಗೂ ನೆರವು ನೀಡುವುದು ಮೊದಲನೆಯದು. ಅಸಾಧಾರಣ ಸಾಹಸ ತೋರಿದವರಿಗೆ ಹಣವನ್ನೋ ಗೌರವದ ಗುರುತನ್ನೋ ನೀಡುವುದು ಎರಡನೆಯದು.

ನಿಧಿಯನ್ನು ಆರಂಭಿಸಿದವರ ಕಸುಬಿಗೂ ನೌಕಾಪಡೆಯ ಯಶಸ್ಸಿಗೂ ನೇರ ನಂಟಿತ್ತು. ಲಾಯ್ಡ್ಸ್ ವಿಮೆಗಾರರು ವ್ಯಾಪಾರಿ ಹಡಗುಗಳಿಗೂ ಅವುಗಳ ಸರಕಿಗೂ ವಿಮೆ ನೀಡುತ್ತಿದ್ದರು. ಶತ್ರುವು ಹಡಗೊಂದನ್ನು ಸೆರೆಹಿಡಿದರೆ ಅದರ ನಷ್ಟವನ್ನು ಅವರೇ ತುಂಬಿಕೊಡಬೇಕಾಗುತ್ತಿತ್ತು. ಆದುದರಿಂದ ಫ್ರೆಂಚ್ ಯುದ್ಧನೌಕೆಗಳನ್ನೂ ಖಾಸಗಿ ದಾಳಿ ಹಡಗುಗಳನ್ನೂ ಸಮುದ್ರದಿಂದ ಹಿಮ್ಮೆಟ್ಟಿಸಿದ ಪ್ರತಿಯೊಬ್ಬ ಅಧಿಕಾರಿಯೂ ಅವರ ವ್ಯವಹಾರವನ್ನು ಕಾಪಾಡಿದವನಾಗುತ್ತಿದ್ದನು.

ದರ್ಜೆಗಳು

ಖಡ್ಗದ ಬೆಲೆಯನ್ನು ಸಾಹಸದ ಪ್ರಮಾಣಕ್ಕಿಂತ ಹೆಚ್ಚಾಗಿ ಪಡೆಯುವವರ ಹುದ್ದೆಯೇ ನಿರ್ಧರಿಸುತ್ತಿತ್ತು.

• 100 ಪೌಂಡ್ ಖಡ್ಗ: ಹಡಗುಗಳ ನಾಯಕತ್ವ ವಹಿಸಿದ ಕ್ಯಾಪ್ಟನ್ ಮತ್ತು ಕಮಾಂಡರ್‌ಗಳಿಗೆ.
• 50 ಪೌಂಡ್ ಖಡ್ಗ: ನೌಕಾಪಡೆಯ ಲೆಫ್ಟಿನೆಂಟ್‌ಗಳು ಹಾಗೂ ಮರೀನ್ ದಳದ ಕ್ಯಾಪ್ಟನ್‌ಗಳಿಗೆ.
• 30 ಪೌಂಡ್ ಖಡ್ಗ: ಮಿಡ್‌ಶಿಪ್‌ಮನ್‌ಗಳು, ಮಾಸ್ಟರ್‌ನ ಸಹಾಯಕರು ಹಾಗೂ ಮರೀನ್ ದಳದ ಲೆಫ್ಟಿನೆಂಟ್‌ಗಳಿಗೆ.

ಟ್ರಫಾಲ್ಗರ್ ಕದನದಲ್ಲಿ ಹಡಗುಗಳನ್ನು ನಡೆಸಿದ ನಾಯಕರಿಗಾಗಿ ಸಿದ್ಧಪಡಿಸಿದ 100 ಪೌಂಡ್ ಖಡ್ಗಗಳನ್ನು ಸಂಗ್ರಾಹಕರು ‘ಟ್ರಫಾಲ್ಗರ್ ಖಡ್ಗ’ಗಳೆಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಭೂಸೇನೆಯ ಕೆಲವು ಅಧಿಕಾರಿಗಳಿಗೂ ನಿಧಿಯ ಖಡ್ಗ ಸಂದಿದೆ. ಖಡ್ಗ ಬೇಡವೆನ್ನುವವರು ಅದೇ ಬೆಲೆಯ ಬೆಳ್ಳಿ ಪಾತ್ರೆಯನ್ನಾಗಲಿ ನಗದು ಹಣವನ್ನಾಗಲಿ ಆಯ್ದುಕೊಳ್ಳಬಹುದಾಗಿತ್ತು.

ಈ ಮೊತ್ತಗಳು ಆ ಕಾಲಕ್ಕೆ ಸಣ್ಣವಲ್ಲ. ಅನುಭವಿ ನಾವಿಕನೊಬ್ಬನ ವಾರ್ಷಿಕ ಸಂಬಳ 20 ಪೌಂಡ್‌ಗಳ ಆಸುಪಾಸಿನಲ್ಲಿದ್ದುದರಿಂದ, ಅತ್ಯುನ್ನತ ದರ್ಜೆಯ ಖಡ್ಗದ ಬೆಲೆಯು ಅವನ ಸುಮಾರು ಐದು ವರ್ಷಗಳ ದುಡಿಮೆಗೆ ಸಮನಾಗಿತ್ತು.

ವಿನ್ಯಾಸ

ಅಲಗು

ಆ ಕಾಲದ ಅಶ್ವದಳದ ಖಡ್ಗಗಳಂತೆ ಈ ಖಡ್ಗಗಳ ಅಲಗು ಬಾಗಿದೆ. ಉಕ್ಕಿನ ಮೇಲ್ಮೈಗೆ ಗಾಢ ನೀಲಿ ಬಣ್ಣ ಬರಿಸಿ, ಅದರ ಮೇಲೆ ಚಿನ್ನದ ಲೇಪದಿಂದ ಚಿತ್ತಾರಗಳನ್ನು ಮೂಡಿಸಲಾಗಿದೆ. ಅಲಗಿನ ಉದ್ದಕ್ಕೂ ಹರಿಯುವ ಚಿನ್ನದ ಅಕ್ಷರಗಳ ಒಕ್ಕಣೆಯು ಪಡೆದವರ ಹೆಸರು ಮತ್ತು ಹುದ್ದೆ, ಅವರ ಹಡಗು, ಸಾಹಸದ ವಿವರ ಮತ್ತು ಅದು ನಡೆದ ದಿನಾಂಕವನ್ನು ತಿಳಿಸುತ್ತದೆ. ಈ ಕಾರಣದಿಂದ ಪ್ರತಿಯೊಂದು ಖಡ್ಗವೂ ಒಂದು ಘಟನೆಯ ಲಿಖಿತ ದಾಖಲೆಯಾಗಿದೆ.

ಅಲಗಿನ ನೀಲಿಯು ಬಳಿದ ಬಣ್ಣವಲ್ಲ. ನುಣುಪಾಗಿ ಉಜ್ಜಿದ ಉಕ್ಕನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಹದವಾಗಿ ಕಾಯಿಸಿದಾಗ ಅದರ ಮೇಲೆ ಆಕ್ಸೈಡಿನ ಅತಿ ತೆಳುವಾದ ಪದರವುಂಟಾಗುತ್ತದೆ. ಬೆಳಕು ಆ ಪದರದಲ್ಲಿ ಪ್ರತಿಫಲಿಸುವ ರೀತಿಯಿಂದ ನೀಲಿ ಬಣ್ಣ ಕಾಣುತ್ತದೆ. ತುಕ್ಕಾಗಲಿ ಉಜ್ಜುವಿಕೆಯಾಗಲಿ ಈ ಪದರವನ್ನು ಸುಲಭವಾಗಿ ಅಳಿಸಿಬಿಡುತ್ತದೆ. ಆದುದರಿಂದ ಖಡ್ಗವೊಂದು ಎಷ್ಟು ಜೋಪಾನವಾಗಿ ಉಳಿದುಬಂದಿದೆ ಎಂಬುದನ್ನು ಅದರಲ್ಲಿ ಉಳಿದಿರುವ ನೀಲಿಯಿಂದ ಅಳೆಯುವುದು ವಾಡಿಕೆ. ಆ ಕಾಲದಲ್ಲಿ ಲೋಹಕ್ಕೆ ಚಿನ್ನದ ಲೇಪ ಕೊಡಲು ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಹಚ್ಚಿ, ಬಳಿಕ ಕಾಯಿಸಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಪಾದರಸದ ಆವಿ ವಿಷಕಾರಿಯಾದುದರಿಂದ ಈ ಕೆಲಸವು ಕುಶಲಕರ್ಮಿಗಳ ಆರೋಗ್ಯಕ್ಕೆ ಮಾರಕವಾಗಿತ್ತು.

ಹಿಡಿ ಮತ್ತು ಅದರ ಸಂಕೇತಾರ್ಥ

ಹಿಡಿಯ ಚೌಕಟ್ಟು ಚಿನ್ನದ ಲೇಪವುಳ್ಳ ಹಿತ್ತಾಳೆಯದು. ಕೈ ಹಿಡಿಯುವ ಭಾಗಕ್ಕೆ ದಂತವನ್ನು ಬಳಸಲಾಗಿದೆ. ಅಲಂಕಾರದ ಪ್ರತಿಯೊಂದು ಅಂಶಕ್ಕೂ ನಿಶ್ಚಿತ ಅರ್ಥವಿದ್ದು, ಅದನ್ನು ವಿವರಿಸುವ ಮುದ್ರಿತ ಟಿಪ್ಪಣಿಯೂ ರಚಿತವಾಗಿತ್ತು.

• ಅಲಗಿಗೂ ಹಿಡಿಗೂ ನಡುವಣ ಅಡ್ಡಪಟ್ಟಿಯು ‘ಫಾಸಿಸ್’ನ ರೂಪದಲ್ಲಿದೆ. ಪ್ರಾಚೀನ ರೋಮ್‌ನಲ್ಲಿ ಅಧಿಕಾರದ ಲಾಂಛನವಾಗಿದ್ದ ಕಡ್ಡಿಗಳ ಕಟ್ಟೇ ಫಾಸಿಸ್. ಇಲ್ಲಿ ಅದು ರಾಷ್ಟ್ರದ ಒಗ್ಗಟ್ಟನ್ನು ಸೂಚಿಸುತ್ತದೆ.
• ಬೆರಳುಗಳನ್ನು ಕಾಯುವ ಬಾಗಿದ ಪಟ್ಟಿಯು ಹರ್ಕ್ಯುಲಿಸನ ಗದೆಯ ಆಕಾರದಲ್ಲಿದ್ದು ಮಹಾಪ್ರಯತ್ನವನ್ನು ಸೂಚಿಸುತ್ತದೆ.
• ಗದೆಯನ್ನು ಸುತ್ತಿಕೊಂಡಿರುವ ಸರ್ಪವು ವಿವೇಕದ ಸಂಕೇತ.
• ಹಿಡಿಯ ಬೆನ್ನು ಮತ್ತು ತುದಿಯನ್ನು ಸಿಂಹದ ತಲೆ ಹಾಗೂ ಚರ್ಮ ಆವರಿಸಿವೆ. ಹರ್ಕ್ಯುಲಿಸನು ತನ್ನ ಮೊದಲ ಸಾಹಸದಲ್ಲಿ ಕೊಂದ ನೆಮಿಯಾದ ಸಿಂಹ ಇದು. ಇದರ ಅರ್ಥ ವಿಜಯ.
• ಪುಷ್ಪಹಾರವು ಕೀರ್ತಿಯನ್ನು ಸೂಚಿಸುತ್ತದೆ.

ಇವೆಲ್ಲವನ್ನೂ ಒಟ್ಟಾಗಿ ಓದಿದಾಗ, ಒಗ್ಗಟ್ಟಿನಿಂದ ಮಹಾಪ್ರಯತ್ನ ಹುಟ್ಟುತ್ತದೆ, ವಿವೇಕದ ನೆರವು ದೊರೆತಾಗ ಅದು ಜಯಕ್ಕೂ ಕೀರ್ತಿಗೂ ದಾರಿಯಾಗುತ್ತದೆ ಎಂಬ ಭಾವ ಹೊರಡುತ್ತದೆ. ಆಕ್ರಮಣದ ಭೀತಿಯಲ್ಲಿದ್ದ ದೇಶಕ್ಕೆ ಒಗ್ಗಟ್ಟಿನ ಕರೆ ಕೊಡುವ ಆಶಯವನ್ನು ಈ ಆಯ್ಕೆಯಲ್ಲಿ ಕಾಣಬಹುದು.

ಒರೆ ಮತ್ತು ಪೆಟ್ಟಿಗೆ

ದರ್ಜೆಗಳ ನಡುವಣ ವ್ಯತ್ಯಾಸವು ಒರೆಯಲ್ಲಿ ಎದ್ದು ಕಾಣುತ್ತದೆ. 100 ಪೌಂಡ್ ಖಡ್ಗದ ಒರೆಯು ಚಿನ್ನದ ಲೇಪವುಳ್ಳ ಲೋಹದ್ದಾಗಿದ್ದು, ಅದರ ಮೇಲೆ ಹರ್ಕ್ಯುಲಿಸನ ಸಾಹಸಗಳ ಉಬ್ಬುಚಿತ್ರಗಳಿವೆ. 50 ಪೌಂಡ್ ಖಡ್ಗದ ಒರೆ ಕಪ್ಪು ತೊಗಲಿನದು. ಅದಕ್ಕೆ ಚಿನ್ನದ ಲೇಪದ ಅಲಂಕೃತ ಲೋಹಪಟ್ಟಿಗಳನ್ನು ಜೋಡಿಸಲಾಗಿದೆ. 30 ಪೌಂಡ್ ಖಡ್ಗದ ಒರೆಯೂ ತೊಗಲಿನದೇ ಆದರೂ ಅದರ ಪಟ್ಟಿಗಳು ಸರಳವಾಗಿವೆ. ಖಡ್ಗದೊಡನೆ ಸೊಂಟಪಟ್ಟಿಯನ್ನೂ ಇರಿಸಲು ಮಹಾಗನಿ ಮರದ ಪೆಟ್ಟಿಗೆಯನ್ನೂ ಕೊಡಲಾಗುತ್ತಿತ್ತು.

ತಯಾರಕರು

ಲಂಡನ್ನಿನ ಸ್ಟ್ರ್ಯಾಂಡ್ ಪ್ರದೇಶದ ಲ್ಯಾಂಕಾಸ್ಟರ್ ಕೋರ್ಟ್‌ನಲ್ಲಿ ಅಂಗಡಿ ಹೊಂದಿದ್ದ ರಿಚರ್ಡ್ ಟೀಡ್ ನಿಧಿಗೆ ಖಡ್ಗಗಳನ್ನು ಒದಗಿಸಿದರು. ಅವರ ಹೆಸರು ಮತ್ತು ವಿಳಾಸವನ್ನು ಖಡ್ಗಗಳ ಒರೆಯ ಮೇಲೆ ಕೆತ್ತಲಾಗಿದೆ.

ಇವು ಹೋರಾಟಕ್ಕಾಗಿ ಮಾಡಿದ ಆಯುಧಗಳಲ್ಲ. ಬ್ರಿಟಿಷ್ ನೌಕಾಧಿಕಾರಿಗಳ ಖಡ್ಗಕ್ಕೆ ಮೊದಲ ಅಧಿಕೃತ ಮಾದರಿ ನಿಗದಿಯಾದುದು 1805ರಲ್ಲಿ. ಅಲ್ಲಿಯವರೆಗೆ ಅಧಿಕಾರಿಗಳು ತಮ್ಮ ಇಚ್ಛೆಯ ಖಡ್ಗವನ್ನು ಧರಿಸುತ್ತಿದ್ದರು. ಹಡಗಿನ ಮೇಲಿನ ಕಾದಾಟಕ್ಕೆ ಸಾದಾ ಖಡ್ಗವೊಂದನ್ನು ಬಳಸಿ, ಬಹುಮಾನದ ಖಡ್ಗವನ್ನು ಸಮಾರಂಭಗಳಿಗೂ ಮನೆತನದ ಗೌರವಕ್ಕೂ ಕಾಯ್ದಿರಿಸುವುದು ಸಾಮಾನ್ಯವಾಗಿತ್ತು.

ಪ್ರಮುಖ ಸಂದರ್ಭಗಳು

ಪುಲೊ ಔರಾ ಕದನ

ನಿಧಿಯ ಪುರಸ್ಕಾರಕ್ಕೂ ವಿಮೆಗಾರರ ಹಿತಕ್ಕೂ ಇದ್ದ ಸಂಬಂಧವನ್ನು ಸ್ಪಷ್ಟವಾಗಿ ತೋರಿಸುವ ಘಟನೆ ಇದು. 1804ರ ಜನವರಿ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ 16 ದೊಡ್ಡ ಹಡಗುಗಳೂ ಅವುಗಳ ಜೊತೆಗೂಡಿದ್ದ ಇತರ ವ್ಯಾಪಾರಿ ಹಡಗುಗಳೂ ಚೀನಾದ ಕ್ಯಾಂಟನ್‌ನಿಂದ ಹೊರಟವು. ಜೊತೆಗೂಡಿದ್ದವುಗಳಲ್ಲಿ ಭಾರತದ ಬಂದರುಗಳಿಗೂ ಚೀನಾಕ್ಕೂ ನಡುವೆ ವ್ಯಾಪಾರ ನಡೆಸುತ್ತಿದ್ದ ಹಡಗುಗಳೇ ಹೆಚ್ಚು. ಸರಕಿನ ಒಟ್ಟು ಮೌಲ್ಯವನ್ನು ಸುಮಾರು 80 ಲಕ್ಷ ಪೌಂಡ್ ಎಂದು ಅಂದಾಜಿಸಲಾಗಿತ್ತು. ಬೆಂಗಾವಲಿಗೆ ಒಂದೂ ಯುದ್ಧನೌಕೆಯಿರಲಿಲ್ಲ. ಕಂಪನಿಯ ಹಿರಿಯ ನಾಯಕ ನಥಾನಿಯೆಲ್ ಡಾನ್ಸ್ ಈ ಪಡೆಯ ಮುಖ್ಯಸ್ಥರಾಗಿದ್ದರು.

ಫೆಬ್ರವರಿ 14ರಂದು, ಮಲಕ್ಕಾ ಜಲಸಂಧಿಯ ಪೂರ್ವದ ಪುಲೊ ಔರಾ ದ್ವೀಪದ ಬಳಿ, ಅಡ್ಮಿರಲ್ ಲಿನ್ವಾ ನೇತೃತ್ವದ ಫ್ರೆಂಚ್ ನೌಕಾದಳ ಎದುರಾಯಿತು. ಡಾನ್ಸ್ ತಮ್ಮ ಕೆಲವು ಹಡಗುಗಳ ಮೇಲೆ ನೌಕಾಪಡೆಯ ಧ್ವಜಗಳನ್ನು ಏರಿಸಿ, ಅವು ಯುದ್ಧನೌಕೆಗಳೆಂಬ ಭ್ರಮೆಯನ್ನು ಹುಟ್ಟಿಸಿದರು. ಮರುದಿನ ಅವರು ತಪ್ಪಿಸಿಕೊಳ್ಳುವ ಬದಲು ಶತ್ರುವಿನತ್ತಲೇ ತಿರುಗಿದರು. ಒಂದು ಗಂಟೆಯೂ ನಡೆಯದ ಗುಂಡಿನ ವಿನಿಮಯದ ಬಳಿಕ ಲಿನ್ವಾ ಹಿಂದೆಗೆದರು. ವ್ಯಾಪಾರಿ ಹಡಗುಗಳೇ ಯುದ್ಧನೌಕೆಗಳನ್ನು ಎರಡು ಗಂಟೆಗಳ ಕಾಲ ಬೆನ್ನಟ್ಟಿದವು. ಬ್ರಿಟಿಷರ ಕಡೆ ‘ರಾಯಲ್ ಜಾರ್ಜ್’ ಹಡಗಿನ ಒಬ್ಬ ನಾವಿಕ ಮಡಿದನು, ಮತ್ತೊಬ್ಬನು ಗಾಯಗೊಂಡನು.

ನಿಧಿಯು ಡಾನ್ಸ್ ಅವರಿಗೆ 100 ಪೌಂಡ್ ಖಡ್ಗವನ್ನೂ ಇತರ ಹಡಗುಗಳ ನಾಯಕರಿಗೆ 50 ಪೌಂಡ್ ಖಡ್ಗಗಳನ್ನೂ ನೀಡಿತು. ಪ್ರಯಾಣಿಕರಾಗಿ ಹಡಗಿನಲ್ಲಿದ್ದು ನೆರವಾದ ನೌಕಾಪಡೆಯ ಲೆಫ್ಟಿನೆಂಟ್ ರಾಬರ್ಟ್ ಫೌಲರ್ ಅವರಿಗೂ ಖಡ್ಗ ದೊರೆಯಿತು. ಬಾಂಬೆಯ ವಿಮಾ ಸಂಸ್ಥೆಯೊಂದು ಡಾನ್ಸ್ ಅವರಿಗೆ 5,000 ಪೌಂಡ್ ನೀಡಿತು. ಖಡ್ಗ ಪಡೆದ ಕಂಪನಿಯ ನಾಯಕರು ನೌಕಾಪಡೆಗೆ ಸೇರಿದವರಲ್ಲ ಎಂಬುದು ಈ ಪುರಸ್ಕಾರದ ವಿಶೇಷ.

ಮೂರೋಸ್ ದಾಳಿ

1805ರ ಜೂನ್ 4ರಂದು ಕ್ಯಾಪ್ಟನ್ ಫ್ರೆಡರಿಕ್ ಮೈಟ್‌ಲ್ಯಾಂಡ್ ಅವರ ‘ಲ್ವಾರ್’ ಹಡಗು ಸ್ಪೇನಿನ ಮೂರೋಸ್ ಕೊಲ್ಲಿಯನ್ನು ಪ್ರವೇಶಿಸಿತು. ಲೆಫ್ಟಿನೆಂಟ್ ಜೇಮ್ಸ್ ಲೂಕಸ್ ಯೋ ನೇತೃತ್ವದ ತುಕಡಿಯು ದಡಕ್ಕಿಳಿದು ಕೋಟೆಯನ್ನು ವಶಪಡಿಸಿಕೊಂಡಿತು. ‘ಕಾನ್‌ಫಿಯಾನ್ಸ್’ ಎಂಬ ಫ್ರೆಂಚ್ ದಾಳಿ ಹಡಗು ಬ್ರಿಟಿಷರ ವಶವಾಯಿತು. ಇದಕ್ಕಾಗಿ ನಿಧಿಯ ಖಡ್ಗ ಪಡೆದ ಮೈಟ್‌ಲ್ಯಾಂಡ್, 1815ರ ಜುಲೈನಲ್ಲಿ ‘ಬೆಲ್ಲೆರೊಫಾನ್’ ಹಡಗಿನ ಮೇಲೆ ನೆಪೋಲಿಯನ್ನನ ಶರಣಾಗತಿಯನ್ನು ಸ್ವೀಕರಿಸಿದವರು.

ಟ್ರಫಾಲ್ಗರ್ ಕದನ

1805ರ ಅಕ್ಟೋಬರ್ 21ರಂದು ಸ್ಪೇನಿನ ಕರಾವಳಿಯಾಚೆ ನಡೆದ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯು ಫ್ರಾನ್ಸ್ ಮತ್ತು ಸ್ಪೇನ್‌ಗಳ ಜಂಟಿ ಪಡೆಯನ್ನು ಸೋಲಿಸಿತು. ನೆಲ್ಸನ್ ಈ ಕದನದಲ್ಲಿಯೇ ಮಡಿದರು. ಹಡಗುಗಳ ನಾಯಕರಿಗೆ ನಿಧಿಯು 100 ಪೌಂಡ್ ಖಡ್ಗಗಳನ್ನು ಗೊತ್ತುಪಡಿಸಿತು. ಜಯದ ವರದಿಯನ್ನು ಹೊತ್ತು ‘ಪಿಕಲ್’ ಎಂಬ ಚಿಕ್ಕ ಹಡಗಿನಲ್ಲಿ ನವೆಂಬರ್ 4ರಂದು ಫಾಲ್ಮತ್ ತಲುಪಿ, ಅಲ್ಲಿಂದ ಸುಮಾರು 37 ಗಂಟೆಗಳ ಸಾರೋಟಿನ ಪ್ರಯಾಣ ಮಾಡಿ ಲಂಡನ್ನಿಗೆ ಸುದ್ದಿ ಮುಟ್ಟಿಸಿದ ಲೆಫ್ಟಿನೆಂಟ್ ಜಾನ್ ಲ್ಯಾಪೆನೊಟಿಯೆರ್ ಅವರಿಗೂ ನಿಧಿಯ ಖಡ್ಗ ಸಂದಿತು.

ಬೆಳ್ಳಿ ಪಾತ್ರೆಗಳು

ಖಡ್ಗಗಳೊಡನೆ ನಿಧಿಯು ಚಿನ್ನದ ಲೇಪವುಳ್ಳ ಬೆಳ್ಳಿಯ ಅಲಂಕಾರ ಪಾತ್ರೆಗಳನ್ನೂ ನೀಡುತ್ತಿತ್ತು. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಇವುಗಳ ವಿನ್ಯಾಸದಲ್ಲಿ ಪಾತ್ರ ವಹಿಸಿದರು. ರಂಡೆಲ್, ಬ್ರಿಜ್ ಮತ್ತು ರಂಡೆಲ್ ಎಂಬ ಆಭರಣ ವ್ಯಾಪಾರ ಸಂಸ್ಥೆಯು ಇವನ್ನು ಒದಗಿಸಿತು. ಪಾತ್ರೆಯ ಒಂದು ಬದಿಯಲ್ಲಿ ಬ್ರಿಟಾನಿಯಾ ದೇವಿಯೂ ಇನ್ನೊಂದು ಬದಿಯಲ್ಲಿ ಹೈಡ್ರಾ ಎಂಬ ಬಹುಶಿರದ ಸರ್ಪವನ್ನು ಕೊಲ್ಲುತ್ತಿರುವ ಹರ್ಕ್ಯುಲಿಸನೂ ಕಾಣುತ್ತಾರೆ. ಟ್ರಫಾಲ್ಗರ್‌ನಲ್ಲಿ ನೆಲ್ಸನ್ ಅವರ ಬಳಿಕ ನಾಯಕತ್ವ ವಹಿಸಿಕೊಂಡ ಅಡ್ಮಿರಲ್ ಕಾಲಿಂಗ್‌ವುಡ್ ಅವರಿಗೆ 500 ಪೌಂಡ್ ಬೆಲೆಯ ಪಾತ್ರೆ ಗೊತ್ತಾಯಿತು.

ಗಾಯಾಳುಗಳ ನೆರವು

ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷರ ಕಡೆ ಮಡಿದವರು ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ ಸುಮಾರು 1,700. 1805ರ ಡಿಸೆಂಬರ್ 5ರಂದು ಜಯಕ್ಕಾಗಿ ದೇಶದಾದ್ಯಂತ ಕೃತಜ್ಞತಾ ಪ್ರಾರ್ಥನೆ ನಡೆದಾಗ ಚರ್ಚುಗಳಲ್ಲಿ ಸಂಗ್ರಹವಾದ ಕಾಣಿಕೆಯು ಈ ನಿಧಿಗೆ ಸಂದಿತು. ಅಂಗ ಕಳೆದುಕೊಂಡ ಅಥವಾ ಶಾಶ್ವತವಾಗಿ ಅಶಕ್ತನಾದ ನಾವಿಕನಿಗೆ ಅಥವಾ ಮರೀನ್ ಯೋಧನಿಗೆ 40 ಪೌಂಡ್, ತೀವ್ರವಾಗಿ ಗಾಯಗೊಂಡವನಿಗೆ 20 ಪೌಂಡ್, ಅಲ್ಪ ಗಾಯವಾದವನಿಗೆ 10 ಪೌಂಡ್ ನೀಡಲು ನಿಧಿಯು ನಿರ್ಧರಿಸಿತು. ಮಡಿದವರ ಕುಟುಂಬಗಳಿಗೂ ನೆರವು ಸಂದಿತು.

ಕ್ಯಾಪ್ಟನ್‌ಗೆ ಕೊಡುವ ಒಂದು ಖಡ್ಗದ ಬೆಲೆಯಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಇಬ್ಬರು ನಾವಿಕರಿಗೆ ಪರಿಹಾರ ನೀಡಿ ಇನ್ನೂ 20 ಪೌಂಡ್ ಉಳಿಸಬಹುದಾಗಿತ್ತು. ಆದರೆ ಸರ್ಕಾರಿ ಪಿಂಚಣಿಯ ವ್ಯವಸ್ಥೆ ದುರ್ಬಲವಾಗಿದ್ದ ಆ ಕಾಲದಲ್ಲಿ 40 ಪೌಂಡ್ ಎಂದರೆ ನಾವಿಕನ ಎರಡು ವರ್ಷಗಳ ಸಂಬಳಕ್ಕೆ ಸಮನಾದ ಮೊತ್ತವಾಗಿತ್ತು.

ಟೀಕೆ ಮತ್ತು ಸ್ಥಗಿತ

ನಿಧಿಯ ಪುರಸ್ಕಾರಗಳಿಗೆ ಸಮಕಾಲೀನ ವಿರೋಧವೂ ಇತ್ತು. ಪತ್ರಕರ್ತ ವಿಲಿಯಂ ಕಾಬೆಟ್ ತಮ್ಮ ಪತ್ರಿಕೆಯಲ್ಲಿ ನಿಧಿಯನ್ನು ಕಟುವಾಗಿ ಟೀಕಿಸಿದರು. ಯೋಧರನ್ನು ಗೌರವಿಸುವ ಅಧಿಕಾರ ದೊರೆಗೆ ಸೇರಿದ್ದು, ವರ್ತಕರ ಕೂಟವೊಂದು ಅದನ್ನು ಕೈಗೆತ್ತಿಕೊಳ್ಳುವುದು ಸಲ್ಲದು ಎಂಬುದು ಅವರ ವಾದದ ತಿರುಳು. ಮತ್ತೊಂದು ಕಡೆ, ಯುದ್ಧವು ವರ್ಷದಿಂದ ವರ್ಷಕ್ಕೆ ಮುಂದುವರಿದಂತೆ ಗಾಯಾಳುಗಳ ಮತ್ತು ವಿಧವೆಯರ ಅರ್ಜಿಗಳು ಹೆಚ್ಚುತ್ತ ಹೋದವು. ಸಂಗ್ರಹವಾದ ಹಣ ಎರಡು ಉದ್ದೇಶಗಳಿಗೂ ಸಾಲದಾಯಿತು. 1809ರಲ್ಲಿ ನಿಧಿಯು ಖಡ್ಗ ಮತ್ತು ಪಾತ್ರೆಗಳ ವಿತರಣೆಯನ್ನು ನಿಲ್ಲಿಸಿ, ಹಣವನ್ನು ಗಾಯಾಳುಗಳಿಗೂ ಅವಲಂಬಿತರಿಗೂ ಮೀಸಲಿಟ್ಟಿತು.

ಯುದ್ಧವು ಆ ಬಳಿಕವೂ 1815ರವರೆಗೆ ನಡೆಯಿತು. ಆದುದರಿಂದ ಕೊನೆಯ ವರ್ಷಗಳಲ್ಲಿ ಶೌರ್ಯ ತೋರಿದ ಕಿರಿಯ ಅಧಿಕಾರಿಗಳಿಗೆ ಈ ಖಡ್ಗ ದೊರೆಯಲಿಲ್ಲ.

ಇತರ ದೇಶಗಳಲ್ಲಿ

ಅಮೆರಿಕದ ಕಾಂಗ್ರೆಸ್, 1804ರ ಫೆಬ್ರವರಿ 16ರಂದು ಟ್ರಿಪೋಲಿ ಬಂದರಿನಲ್ಲಿ ಶತ್ರುವಿನ ವಶದಲ್ಲಿದ್ದ ‘ಫಿಲಡೆಲ್ಫಿಯಾ’ ಹಡಗನ್ನು ಸುಟ್ಟ ಲೆಫ್ಟಿನೆಂಟ್ ಸ್ಟೀಫನ್ ಡಿಕೇಟರ್ ಅವರಿಗೆ ಖಡ್ಗವನ್ನು ಮಂಜೂರು ಮಾಡಿತು. 1898ರ ಮನಿಲಾ ಕೊಲ್ಲಿ ಕದನದ ಜಯಕ್ಕಾಗಿ ಜಾರ್ಜ್ ಡ್ಯೂಯಿ ಅವರಿಗೆ ಟಿಫನಿ ಸಂಸ್ಥೆ ತಯಾರಿಸಿದ ಖಡ್ಗವನ್ನು 1899ರಲ್ಲಿ ಅರ್ಪಿಸಲಾಯಿತು. ಇವೆರಡೂ ರಾಷ್ಟ್ರದ ಶಾಸಕಾಂಗವು ವ್ಯಕ್ತಿಯೊಬ್ಬರಿಗೆ ನೀಡಿದ ಗೌರವಗಳು. ಖಾಸಗಿ ವಂತಿಗೆಯ ಹಣದಿಂದ, ಹುದ್ದೆವಾರು ಬೆಲೆ ಗೊತ್ತುಪಡಿಸಿ, ಕ್ಯಾಪ್ಟನ್‌ನಿಂದ ಮಿಡ್‌ಶಿಪ್‌ಮನ್‌ವರೆಗೆ ಖಡ್ಗ ಹಂಚಿದ ವ್ಯವಸ್ಥೆಯಾಗಿ ಲಾಯ್ಡ್ಸ್ ನಿಧಿಯು ಇವುಗಳಿಂದ ಭಿನ್ನವಾಗಿ ನಿಲ್ಲುತ್ತದೆ.

ಸಂಗ್ರಹಗಳು ಮತ್ತು ಇಂದಿನ ಸ್ಥಿತಿ

ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಈ ಖಡ್ಗಗಳ ಹಲವು ಮಾದರಿಗಳಿವೆ. ಲಾಯ್ಡ್ಸ್ ಸಂಸ್ಥೆಯೂ ತನ್ನ ಕಟ್ಟಡದಲ್ಲಿರುವ ನೆಲ್ಸನ್ ಸಂಗ್ರಹದಲ್ಲಿ ಕೆಲವನ್ನು ಕಾಪಾಡಿಕೊಂಡಿದೆ. ಇನ್ನು ಕೆಲವು ಖಾಸಗಿ ಸಂಗ್ರಹಗಳಲ್ಲಿದ್ದು ಆಗಾಗ ಹರಾಜಿಗೆ ಬರುತ್ತವೆ. ಅಲಗಿನ ಮೇಲಿನ ಒಕ್ಕಣೆಯಲ್ಲಿ ಹೆಸರು, ಹಡಗು ಮತ್ತು ದಿನಾಂಕಗಳಿರುವುದರಿಂದ, ದೊಡ್ಡ ಕದನಗಳ ನಡುವೆ ಮರೆತುಹೋಗುವ ಸಣ್ಣ ದೋಣಿ ದಾಳಿಗಳ ಅಧ್ಯಯನಕ್ಕೆ ಇವು ಉಪಯುಕ್ತ ಆಕರಗಳಾಗಿವೆ.

ಲಾಯ್ಡ್ಸ್ ಪೇಟ್ರಿಯಾಟಿಕ್ ಫಂಡ್ ಇಂದಿಗೂ ಅಸ್ತಿತ್ವದಲ್ಲಿದೆ. ಸೇನೆಯಲ್ಲಿ ಸೇವೆ ಸಲ್ಲಿಸಿದವರು ಮತ್ತು ಅವರ ಕುಟುಂಬಗಳಿಗೆ ನೆರವು ನೀಡುವ ದತ್ತಿ ಸಂಸ್ಥೆಯಾಗಿ ಅದು ಕಾರ್ಯನಿರ್ವಹಿಸುತ್ತಿದೆ.